ಕ್ಲೌನ್ ಮೀನು ಏದುಸಿರು ಬಿಡ್ತಿವೆ, ರೀಡಿಂಗ್ ಎಲ್ಲ ಸರಿ ಇವೆ (ಬಳ್ಳಾರಿ, ಮೊದಲ ಉಪ್ಪುನೀರಿನ ಟ್ಯಾಂಕ್)

ಕೋಟೆಗುಡ್ಡ_ಬಳ್ಳಾರಿ
ಸಾಕಾಗಿ ಹೋಗಿದೆ. ಹದಿನೈದು ವರ್ಷ ಸಿಹಿನೀರಿನ ಮೀನು ಸಾಕಿದ್ದೇನೆ, ಇಂಥ ತಲೆನೋವು ಕಂಡಿಲ್ಲ. ಈ ಬೇಸಿಗೆಗೆ ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಇಟ್ಟೆ. ಎರಡು ಕ್ಲೌನ್, ನಾಲ್ಕು ಬಸವನಹುಳು. ಒಂದು ವಾರದಿಂದ ಮೀನು ಆಹಾರ ಮುಟ್ಟುತ್ತಿಲ್ಲ. ವೇವ್ ಮೇಕರ್ (ನೀರು ಅಲೆಯಾಡಿಸುವ ಪಂಪ್) ಎದುರಿಗೆ ಹೋಗಿ ನಿಂತು ಕಿವಿರು ಪಟಪಟ ಬಡಿಯುತ್ತವೆ. ಬಸವನಹುಳು ನೀರು ಬಿಟ್ಟು ಗಾಜಿನ ಅಂಚಿಗೆ ಹತ್ತಿ ಕೂತಿವೆ. ಮೈಮೇಲೆ ಬಿಳಿ ಚುಕ್ಕೆ ಇಲ್ಲ, ಗಾಯ ಇಲ್ಲ. ನೀರಿನ ರೀಡಿಂಗ್ ಎಲ್ಲ ಸರಿ ಇವೆ. ಏನು ಮಾಡಲಿ?

ರಾಯಚೂರು_ರೀಫ್
ಅಮೋನಿಯಾ. ನೋಡದೇ ಹೇಳ್ತೀನಿ. ಸಿಹಿನೀರಿನಿಂದ ಬಂದವರೆಲ್ಲ ಇದೇ ತಪ್ಪು ಮಾಡ್ತಾರೆ, ನೀರು ತಿಳಿಯಾದ ಕೂಡಲೇ ಮೀನು ಬಿಡ್ತಾರೆ. ಲೈವ್ ರಾಕ್ (ಬ್ಯಾಕ್ಟೀರಿಯಾ ಇರೋ ಸಮುದ್ರದ ಕಲ್ಲು) ಹಾಕಿ ನಾಲ್ಕರಿಂದ ಆರು ವಾರ ಮೀನಿಲ್ಲದೆ ಓಡಿಸಬೇಕು. ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗೋ ತನಕ ತಾಳ್ಮೆ ಬೇಕು. ಪಿಎಚ್ ಜಾಸ್ತಿ, ನೀರು ಬಿಸಿ ಅಂದ್ರೆ ಅಷ್ಟೇ ಅಮೋನಿಯಾ ಇನ್ನೂ ದೊಡ್ಡ ವಿಷ.

ಕೋಟೆಗುಡ್ಡ_ಬಳ್ಳಾರಿ
ಆರು ವಾರ ಮೀನಿಲ್ಲದೆ ಓಡಿಸಿದ್ದೇನೆ ಸಾರ್. ಟೆಸ್ಟ್ ಕಿಟ್ ಪ್ರಕಾರ ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10. ಪಿಎಚ್ 8.1. ಉಪ್ಪು (ನೀರಿನ ಸಾಂದ್ರತೆ ಲೆಕ್ಕದಲ್ಲಿ) 1.025. ನೀರು 28 ಡಿಗ್ರಿ.

ರಾಯಚೂರು_ರೀಫ್
ಕಿಟ್ ಎಕ್ಸ್‌ಪೈರಿ ಆಗಿರುತ್ತದೆ. ಬೇರೆ ಕಿಟ್‌ನಲ್ಲಿ ನೋಡಿ.

ಗಂಗಾವತಿ_ಗೋಬಿ
ಎಲ್ಲದಕ್ಕೂ ಅಮೋನಿಯಾ ಅಂತೀರಲ್ಲ. ನೀರು ಯಾವುದು ಕೇಳಿದ್ರಾ? ನಮ್ಮ ಕಡೆ ಬೋರ್ ನೀರು ಕಾಯಿಸಿದ್ರೆ ಪಾತ್ರೆ ತಳದಲ್ಲಿ ಬೆರಳು ದಪ್ಪ ಸುಣ್ಣ ಕೂರುತ್ತದೆ. ಅದರಲ್ಲಿ ಉಪ್ಪು ಕಲಸಿದ್ರೆ ಯಾವ ಮೀನು ಉಳಿಯುತ್ತದೆ?

ಕೋಟೆಗುಡ್ಡ_ಬಳ್ಳಾರಿ
ಬೋರ್ ನೀರಲ್ಲ, ಅಲ್ಲೀಪುರ ಕೆರೆಯ ನಲ್ಲಿ ನೀರೂ ಅಲ್ಲ. ಆರ್‌ಒ ಕ್ಯಾನ್ ನೀರು. ಟಿಡಿಎಸ್ (ಕರಗಿದ ಲವಣದ ಅಳತೆ) 18.

ಗಂಗಾವತಿ_ಗೋಬಿ
18 ಕೂಡ ಜಾಸ್ತಿಯೇ. ಡಿಐ (ಉಳಿದ ಲವಣ ತೆಗೆಯೋ ಫಿಲ್ಟರ್) ಹಾಕಿ ಸೊನ್ನೆಗೆ ತರಬೇಕು.

ರಾಯಚೂರು_ರೀಫ್
18ಕ್ಕೆ ಪಾಚಿ ಬರಬಹುದು, ಮೀನು ಏದುಸಿರು ಬಿಡಲ್ಲ. ಸುಮ್ನೆ ಹೆದರಿಸಬೇಡಿ.

ಹೊಸಪೇಟೆ_400ಲೀಟರ್
ಅದೇ ನೋಡಿ ಸಮಸ್ಯೆ, 28 ಡಿಗ್ರಿ. ನನ್ನದು ಚಿಲ್ಲರ್ (ನೀರು ತಣ್ಣಗಿಡೋ ಯಂತ್ರ) ಹಾಕಿದ್ದೇನೆ, ಮೇ ತಿಂಗಳಲ್ಲೂ 25.5 ಬಿಟ್ಟು ಅಲ್ಲಾಡಲ್ಲ. ಕೆಳಗೆ ಫಿಲ್ಟರ್ ಇಡೋ ಸಂಪ್ ಟ್ಯಾಂಕ್, ಕೊಳೆ ತೆಗೆಯೋ ಸ್ಕಿಮ್ಮರ್, ಎರಡು ವೇವ್ ಮೇಕರ್, ಎಲ್ಲ ಇನ್ವರ್ಟರ್ ಮೇಲೆ. ಆರು ಟ್ಯಾಂಗ್ ಮೀನು ಕೇಳಿದ್ದೇನೆ, ಬರ್ತಿವೆ. ನಮ್ಮ ಜಿಲ್ಲೆಯಲ್ಲಿ ಇಷ್ಟು ದೊಡ್ಡ ರೀಫ್ (ಹವಳದ) ಟ್ಯಾಂಕ್ ಬೇರೆ ಇಲ್ಲ.

ಗಂಗಾವತಿ_ಗೋಬಿ
ಯಾವ ಜಿಲ್ಲೆ? 2021ರಿಂದ ನೀವು ವಿಜಯನಗರ. ಇದು ಬಳ್ಳಾರಿಯವರ ಪ್ರಶ್ನೆ. ಮತ್ತೆ 400 ಲೀಟರಿಗೆ ಆರು ಟ್ಯಾಂಗ್ ಅಂದ್ರೆ ಮೀನಿನ ಸಂತೆ.

ಹೊಸಪೇಟೆ_400ಲೀಟರ್
ಮೊದಲು ನಿಮ್ಮ ಟ್ಯಾಂಕ್ ಫೋಟೋ ಹಾಕಿ, ಆಮೇಲೆ ಮಾತಾಡೋಣ.

ಸಿಂಧನೂರು_ಸಿಂಪಿ
ಅವರ ಮೀನು ಸಾಯ್ತಿದೆ, ನೀವು ಗಡಿ ಜಗಳ ತೆಗೆದಿದ್ದೀರಿ. ಕೋಟೆಗುಡ್ಡ ಅವರೇ, ಟ್ಯಾಂಕಿನಲ್ಲಿ ಎಷ್ಟು ನೀರಿದೆ? ಬಳ್ಳಾರಿ ಬಿಸಿಲಲ್ಲಿ ಚಿಲ್ಲರ್ ಇಲ್ಲದೆ 28 ಹೇಗೆ ಬರ್ತಿದೆ? ನೀರು ಇಳಿದಾಗ ಏನು ಹಾಕ್ತೀರಿ? ಉಪ್ಪು ಯಾವುದರಲ್ಲಿ ಅಳೀತೀರಿ?

ಕೋಟೆಗುಡ್ಡ_ಬಳ್ಳಾರಿ
100 ಲೀಟರ್. ಇಪ್ಪತ್ತು ದಿನದ ಹಿಂದೆ ಮುಚ್ಚಳ ತೆಗೆದು ನೀರಿನ ಮೇಲೆ ಎರಡು ಫ್ಯಾನ್ ಕಟ್ಟಿದೆ. ಅಲ್ಲಿಂದ ದಿನಕ್ಕೆ ಒಂದೂವರೆ ಲೀಟರ್ ಇಳೀತಿದೆ. ಅಂಗಡಿಯವರು ಹೇಳಿದಂತೆ ಉಪ್ಪು ಕಲಸಿ, 1.025 ಮಾಡಿಯೇ ತುಂಬಿಸ್ತೀನಿ. ಅಳೆಯೋದು ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಫೋಟೋ ಹಾಕಿದ್ದೇನೆ.

ಸಿಂಧನೂರು_ಸಿಂಪಿ
ಸಿಕ್ಕಿತು. ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಸಾರು ಬತ್ತಿದಾಗ ನೀರು ಹಾಕ್ತೀರಾ, ಉಪ್ಪು ಹಾಕ್ತೀರಾ?

1.025 ಅಂದ್ರೆ ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ ಉಪ್ಪು, ಹಾಗಾದ್ರೆ ದಿನಕ್ಕೆ ಸುಮಾರು 52 ಗ್ರಾಂ ಹೊಸ ಉಪ್ಪು. ಇಪ್ಪತ್ತು ದಿನಕ್ಕೆ ಒಂದು ಕಿಲೋ ದಾಟಿತು. ಟ್ಯಾಂಕಿನಲ್ಲಿ ಮೊದಲು ಇದ್ದದ್ದೇ ಮೂರೂವರೆ ಕಿಲೋ. ಈಗ ನಿಮ್ಮದು ಲೀಟರಿಗೆ 35 ಗ್ರಾಂ ಅಲ್ಲ, 45ರ ಹತ್ತಿರ ಇರಬೇಕು.

ಹೈಡ್ರೋಮೀಟರ್ 1.025 ತೋರಿಸ್ತಿದೆ ಅಂತೀರಿ. ಫೋಟೋದಲ್ಲಿ ಮುಳ್ಳಿನ ತುದಿ ನೋಡಿ, ರವೆ ಕಾಳಿನ ಹಾಗೆ ಬಿಳಿ ಕೂತಿದೆ. ಆ ಭಾರಕ್ಕೆ ಮುಳ್ಳು ಏಳಲ್ಲ, ಉಪ್ಪು ಎಷ್ಟೇ ಇದ್ದರೂ ಕಡಿಮೆ ತೋರಿಸುತ್ತದೆ. ಗುಳ್ಳೆ ಅಂಟಿದ್ರೆ ಉಲ್ಟಾ, ಜಾಸ್ತಿ ತೋರಿಸುತ್ತದೆ. ವಿನೆಗರ್‌ನಲ್ಲಿ ನೆನೆಸಿ, ಸಿಹಿನೀರಿನಲ್ಲಿ ತೊಳೆದು ಮತ್ತೆ ನೋಡಿ. ಆದ್ರೆ ಯಾರ ಹತ್ತಿರವಾದ್ರೂ ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗೋದರಿಂದ ಉಪ್ಪು ಅಳೆಯೋ ಸಾಧನ) ಇಸ್ಕೊಂಡು ನೋಡೋದು ವಾಸಿ.

ನಿಜವಾಗಿ 45 ಇದ್ದರೆ ಒಂದೇ ದಿನ ಇಳಿಸಬೇಡಿ. ದಿನಕ್ಕೆ 4 ಲೀಟರ್ ಟ್ಯಾಂಕ್ ನೀರು ತೆಗೆದು ಅಷ್ಟೇ ಆರ್‌ಒ ನೀರು, ನಿಧಾನಕ್ಕೆ ಹನಿ ಬಿಟ್ಟು ಸೇರಿಸಿ. ಇಳಿದ ಒಂದೂವರೆ ಲೀಟರಿಗೂ ಬರೀ ಆರ್‌ಒ. ಆರು ದಿನ ಆಗುತ್ತದೆ. ಫ್ಯಾನ್ ತೆಗೆಯಬೇಡಿ. ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ, ಏದುಸಿರಿಗೆ ಅದೂ ಸೇರಿರುತ್ತದೆ. ವೇವ್ ಮೇಕರ್ ಬಾಯಿ ಮೇಲ್ಮೈ ಕಡೆ ತಿರುಗಿಸಿ.

ರಾಯಚೂರು_ರೀಫ್
ಇರಬಹುದು. ಆದರೂ ಅಮೋನಿಯಾ ಇನ್ನೊಂದು ಸಲ ನೋಡಿ.

ಕೋಟೆಗುಡ್ಡ_ಬಳ್ಳಾರಿ
ಕೌಲ್ ಬಜಾರಿನ ಗೆಳೆಯನ ಹತ್ತಿರ ರಿಫ್ರ್ಯಾಕ್ಟೋಮೀಟರ್ ಸಿಕ್ಕಿತು. 44! ಗಾಜಿನ ಅಂಚಿನಲ್ಲಿ ಬಿಳಿ ಪಟ್ಟೆ ಮೊದಲೇ ಕಂಡಿದ್ದೆ, ಸುಣ್ಣ ಅಂತ ದಿನಾ ಒರೆಸ್ತಿದ್ದೆ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು.

ಹೊಸಪೇಟೆ_400ಲೀಟರ್
ಹಳೇ ಚಿಲ್ಲರ್ ಒಂದಿದೆ, ಬೇಕಿದ್ರೆ ಹೇಳಿ. ಸಂಪ್ ಫೋಟೋ ಕೂಡ ಹಾಕ್ತೀನಿ.

ಕೋಟೆಗುಡ್ಡ_ಬಳ್ಳಾರಿ
ಆರನೇ ದಿನ. 36 ಬಂದಿದೆ. ಒಂದು ಬಸವನಹುಳು ಹೋಯಿತು. ಸಣ್ಣ ಕ್ಲೌನ್ ನಿನ್ನೆ ರಾತ್ರಿ ಎರಡು ಕಾಳು ತಿಂದಿತು, ದೊಡ್ಡದು ಬಾಯಿಗೆ ತಗೊಂಡು ಉಗುಳಿತು. ಇವತ್ತು ಬೆಳಿಗ್ಗೆ ಎರಡೂ ತಿಂದವು. ಸಿಂಪಿ ಅವರೇ, ಕರೆಂಟ್ ಮೂರು ಗಂಟೆ ಹೋದರೆ ಫ್ಯಾನೂ ಇಲ್ಲ, ವೇವ್ ಮೇಕರೂ ಇಲ್ಲ. ಬ್ಯಾಟರಿ ಏರ್ ಪಂಪ್ ಒಂದು ಸಾಕಾ?

ರಾಯಚೂರು_ರೀಫ್
ಕಿಟ್ ಎಕ್ಸ್‌ಪೈರಿ ನೋಡಿದ್ರಾ?