ಸಹಾಯ ಬೇಕು: 381654729 ಮತ್ತು 7ರ ತಲೆನೋವು

ಎಲ್ಲರಿಗೂ ನಮಸ್ಕಾರ. 381654729 ಗೊತ್ತಲ್ವಾ? 1ರಿಂದ 9ರವರೆಗಿನ ಅಂಕಿಗಳೆಲ್ಲ ಒಂದೊಂದೇ ಸಲ ಬರುತ್ತವೆ, ಜೊತೆಗೆ 38 ಎರಡರಿಂದ, 381 ಮೂರರಿಂದ, 3816 ನಾಲ್ಕರಿಂದ, ಹೀಗೆ ಒಂಬತ್ತರವರೆಗೂ ಶೇಷವಿಲ್ಲದೆ ಭಾಗವಾಗುತ್ತದೆ. ಕೊನೆಗೊಂದು ಸೊನ್ನೆ ಸೇರಿಸಿದರೆ 10ರಿಂದಲೂ! ಇಂಥದ್ದು ಇದೊಂದೇ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಕಂಪ್ಯೂಟರ್ ಇಲ್ಲದೆ ತೋರಿಸಬೇಕು. ಐದನೇ ಅಂಕಿ 5 ಆಗಲೇಬೇಕು, ಸಮ ಸ್ಥಾನಗಳಲ್ಲಿ ಸಮ ಅಂಕಿಗಳೇ, ನಡುವಿನ ಮೂರು ಅಂಕಿ 258 ಇಲ್ಲವೇ 654. ಇದರ ಜೊತೆ 3 ಮತ್ತು 8ರ ಪರೀಕ್ಷೆಯನ್ನೂ ಮಾಡಿದ ಮೇಲೆ ಹತ್ತು ಸಂಖ್ಯೆ ಉಳಿಯುತ್ತವೆ. ತಕರಾರು ಇರುವುದು 7ರದ್ದು. 1001 = 7×11×13 ಆದ್ದರಿಂದ ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರೆ 7ರ ಪರೀಕ್ಷೆ ಆಗುತ್ತದೆ: 3816547ಕ್ಕೆ 547−816+3 = −266 ನೋಡಿದರೆ ಸಾಕು, ಅದು 7ರಿಂದ ಭಾಗವಾಗುತ್ತದೆ. ಆದರೆ ಹತ್ತಕ್ಕೂ ಇದನ್ನೇ ಮಾಡಿಸಿದರೆ ಮಕ್ಕಳು ಆಕಳಿಸುತ್ತಾರೆ. ಒಂದೇ ಸಲಕ್ಕೆ ನಾಲ್ಕೈದನ್ನು ಹೊಡೆದುಹಾಕುವ ದಾರಿ ಯಾರಿಗಾದರೂ ಗೊತ್ತಾ? ಸುಮ್ನೆ ಉತ್ತರ ಬೇಡ, ಯಾಕೆ ಅಂತಲೂ ಬರೆಯಿರಿ.