ಗ್ರಾನೈಟ್ ಪಾಲಿಶ್ ಘಟಕದ ಕಲ್ಲಿನ ಧೂಳು: ಮಾಸ್ಕ್ ಕೊಟ್ಟರೆ ಮಾಲೀಕರ ಹೊಣೆ ಮುಗಿಯುತ್ತದೆಯೇ?

ಪ್ರಶ್ನೆ: ಘಟಕದ ಮೇಲ್ವಿಚಾರಕ, ಬಾಗಲಕೋಟೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಇಳಕಲ್ ಭಾಗದ ಒಂದು ಗ್ರಾನೈಟ್ ಕಟಿಂಗ್ ಮತ್ತು ಪಾಲಿಶ್ ಘಟಕದಲ್ಲಿ ನಾನು ಮೇಲ್ವಿಚಾರಕನಾಗಿದ್ದೇನೆ. ನಲವತ್ತರ ಆಸುಪಾಸಿನಲ್ಲಿ ಕೆಲಸಗಾರರಿದ್ದಾರೆ. ಅರ್ಧದಷ್ಟು ಜನ ಸುತ್ತಲಿನ ಹಳ್ಳಿಗಳವರು, ಉಳಿದವರು ರಾಜಸ್ಥಾನ, ಬಿಹಾರಗಳಿಂದ ಗುತ್ತಿಗೆದಾರರ ಮೂಲಕ ಬಂದವರು.

ದೊಡ್ಡ ಬ್ಲಾಕ್‌ಗಳನ್ನು ಸ್ಲ್ಯಾಬ್ ಮಾಡುವ ಯಂತ್ರಗಳಿಗೆ ನೀರು ಹರಿಯುತ್ತಿರುವುದರಿಂದ ಅಲ್ಲಿ ಧೂಳು ಕಡಿಮೆ. ತೊಂದರೆ ಇರುವುದು ಹಿಂಬದಿಯ ಶೆಡ್ಡಿನಲ್ಲಿ. ಅಂಚು ತಿದ್ದುವುದು, ಮೋಲ್ಡಿಂಗ್, ಸಿಂಕ್ ಕೂರಿಸಲು ರಂಧ್ರ ಕೊರೆಯುವುದು ಎಲ್ಲವೂ ಹ್ಯಾಂಡ್ ಗ್ರೈಂಡರ್‌ನಲ್ಲಿ, ಒಣಗಿದ ಕಲ್ಲಿನ ಮೇಲೆ ನಡೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಲಸಗಾರರ ಹುಬ್ಬು, ರೆಪ್ಪೆಗಳ ಮೇಲೆ ಹುಡಿ ಕೂತು ಗುರುತೇ ಸಿಗದಂತಾಗುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ, ಸಂಜೆ ಕಂಪ್ರೆಸರ್ ಪೈಪ್ ಹಿಡಿದು ಬಟ್ಟೆಯ ಧೂಳು ಹಾರಿಸಿಕೊಂಡು ಮನೆಗೆ ಹೋಗುತ್ತಾರೆ.

ನಮ್ಮ ಹಿರಿಯ ಕೆಲಸಗಾರರೊಬ್ಬರಿಗೆ ಕ್ಷಯವೆಂದು ಹೇಳಿ ಎರಡು ಸಲ ಪೂರ್ತಿ ಅವಧಿಯ ಮಾತ್ರೆ ಕೊಡಲಾಗಿದೆ. ಆದರೂ ಮೆಟ್ಟಿಲು ಹತ್ತಿದರೆ ಏದುಸಿರು ನಿಂತಿಲ್ಲ. ಮಾಲೀಕರು ಒಳ್ಳೆಯವರೇ; ಮಾಸ್ಕ್ ಪೆಟ್ಟಿಗೆ ತರಿಸಿದ್ದೇವಲ್ಲ, ಹಾಕಿಕೊಳ್ಳದಿದ್ದರೆ ನಾವೇನು ಮಾಡುವುದು ಎನ್ನುತ್ತಾರೆ. ಕಾನೂನಿನ ಪ್ರಕಾರ ಮತ್ತು ವೈದ್ಯಕೀಯವಾಗಿ ಇಷ್ಟು ಸಾಕೇ? ಆ ಕೆಲಸಗಾರರ ಕಾಯಿಲೆ ಕೆಲಸದಿಂದಲೇ ಬಂದದ್ದಾದರೆ ಅದನ್ನು ತೋರಿಸುವ ದಾರಿ ಯಾವುದು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಔದ್ಯೋಗಿಕ ಆರೋಗ್ಯ ವಿಭಾಗದ ವೈದ್ಯೆ, ಬೆಂಗಳೂರು

ಮಾಸ್ಕ್ ಸಾಲದು ಎಂದು ಮೊದಲೇ ಹೇಳಿಬಿಡುತ್ತೇನೆ. ಕಾರಣ ತಿಳಿಯಬೇಕಾದರೆ ಧೂಳಿನ ಸ್ವಭಾವವನ್ನು ಸ್ವಲ್ಪ ನೋಡಬೇಕಾಗುತ್ತದೆ.

ಹುಬ್ಬಿನ ಮೇಲೆ ಕಾಣುವ ಹುಡಿ ನಿಜವಾದ ಅಪಾಯವಲ್ಲ; ಅದು ದಪ್ಪ ಕಣ, ಮೂಗು ಗಂಟಲುಗಳಲ್ಲೇ ನಿಂತು ಕಫದೊಡನೆ ಹೊರಬೀಳುತ್ತದೆ. ಐದು ಮೈಕ್ರಾನ್‌ಗಿಂತ ಸಣ್ಣದಾದ, ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಗ್ರಾನೈಟ್‌ನಲ್ಲಿ ಸ್ಫಟಿಕ ರೂಪದ ಸಿಲಿಕಾ, ಅಂದರೆ ಕ್ವಾರ್ಟ್ಜ್, ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿರುತ್ತದೆ. ಈ ಕಣಗಳನ್ನು ನುಂಗಿದ ರಕ್ಷಕ ಕೋಶಗಳು ಅವನ್ನು ಕರಗಿಸಲಾರದೆ ತಾವೇ ಸಾಯುತ್ತವೆ, ಅಲ್ಲಿ ಉರಿಯೂತವಾಗಿ ಗಟ್ಟಿ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ಮಿತವಾದ ಧೂಳಿನಲ್ಲಿ ಹತ್ತು ವರ್ಷ ದಾಟಿದ ಮೇಲೆ, ಧೂಳು ಹೆಚ್ಚಿದ್ದರೆ ಐದರಿಂದ ಹತ್ತು ವರ್ಷಗಳ ಒಳಗೇ ಇದು ಕಾಣಿಸಿಕೊಳ್ಳುತ್ತದೆ. ಗಾಯದ ಗುರುತನ್ನು ಅಳಿಸುವ ಔಷಧ ಇಲ್ಲ, ಧೂಳಿನ ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು. ಆದ್ದರಿಂದಲೇ ಬಾರದಂತೆ ತಡೆಯುವುದೊಂದೇ ದಾರಿ.

ನಿಮ್ಮ ಹಿರಿಯ ಕೆಲಸಗಾರರ ವಿಷಯದಲ್ಲಿ ಎಚ್ಚರದಿಂದ ಹೇಳುತ್ತೇನೆ, ಏಕೆಂದರೆ ಅವರನ್ನು ನಾನು ನೋಡಿಲ್ಲ. ಕ್ಷಯ ಮತ್ತು ಸಿಲಿಕೋಸಿಸ್ ಎರಡರಲ್ಲೂ ಎಕ್ಸ್‌ರೇಯ ಮೇಲ್ಭಾಗದಲ್ಲಿ ನೆರಳುಗಳು ಕಾಣುತ್ತವೆ. ರೋಗಿ ಏನು ಕೆಲಸ ಮಾಡುತ್ತಾರೆಂದು ವೈದ್ಯರು ಕೇಳದಿದ್ದರೆ, ನಮ್ಮ ನಾಡಿನಲ್ಲಿ ಸಾಮಾನ್ಯವಾಗಿರುವ ಕ್ಷಯದ ಹೆಸರೇ ಚೀಟಿಯ ಮೇಲೆ ಬೀಳುತ್ತದೆ. ಸಿಲಿಕಾ ಧೂಳು ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ತಗಲುವ ಸಂಭವವೂ ಹಲವು ಪಟ್ಟು ಹೆಚ್ಚಿರುವುದರಿಂದ ಎರಡೂ ಒಟ್ಟಿಗೆ ಇರಬಹುದು. ಕಫವನ್ನು ಸಿಬಿನ್ಯಾಟ್ ಪರೀಕ್ಷೆಗೆ ಕೊಟ್ಟಿದ್ದರೇ, ಕ್ಷಯದ ರೋಗಾಣು ನಿಜವಾಗಿ ಸಿಕ್ಕಿತ್ತೇ ಎಂಬುದನ್ನು ಹಳೆಯ ಕಾಗದಗಳಲ್ಲಿ ನೋಡಿ. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಆಸ್ಪತ್ರೆಗೆ ಹೋಗುವಾಗ ಎಲ್ಲಿ, ಯಾವ ಕಲ್ಲಿನ ಮೇಲೆ, ಯಾವ ಉಪಕರಣದಿಂದ, ಎಷ್ಟು ವರ್ಷ ಕೆಲಸ ಮಾಡಿದ್ದಾರೆಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಅದನ್ನು ಕೇಸ್ ಶೀಟಿನಲ್ಲಿ ದಾಖಲಿಸುವಂತೆ ಕೇಳಿ.

ಇನ್ನು ಟವೆಲ್. ಅದರಿಂದ ಸಣ್ಣ ಕಣಗಳನ್ನು ತಡೆಯುವುದೆಂದರೆ ಜರಡಿಯಲ್ಲಿ ನೀರು ಹಿಡಿದಂತೆ. ಎನ್95 ಅಥವಾ ಭಾರತೀಯ ಮಾನಕ ಐಎಸ್ 9473ರ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್ ಕೆಲಸಕ್ಕೆ ಬರುತ್ತದೆ. ಆದರೆ ಅದು ಮುಖಕ್ಕೆ ಸಂದಿಲ್ಲದಂತೆ ಕೂರಬೇಕು. ಗಡ್ಡವಿದ್ದರೆ ಕೂರುವುದಿಲ್ಲ, ಬೆವರಿನಲ್ಲಿ ನೆನೆದರೆ ಉಸಿರೆಳೆಯುವುದು ಕಷ್ಟವಾಗುತ್ತದೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ತೆಗೆಯದೆ ಇರಿ ಎನ್ನುವುದು ಆಗದ ಮಾತು. ಧೂಳು ಹುಟ್ಟುವಲ್ಲೇ ನೀರಿನಿಂದ ಅಥವಾ ಹೀರುವ ಕೊಳವೆಯಿಂದ ಅದನ್ನು ಹಿಡಿಯುವುದು ಮೊದಲಿನ ಕೆಲಸ. ಅದನ್ನೂ ಮೀರಿ ಉಳಿದ ಧೂಳಿಗೆ ಮಾಸ್ಕ್.

ನಮ್ಮ ರಾಜ್ಯಕ್ಕೆ ಇದು ಹೊಸ ವಿಷಯವಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇರುವುದನ್ನು ವೈದ್ಯರು 1940ರ ದಶಕದಲ್ಲೇ ವರದಿ ಮಾಡಿದ್ದರು. ಗಣಿ 2001ರಲ್ಲಿ ಮುಚ್ಚಿತು, ಆದರೆ ಅದೇ ಧೂಳು ಇಂದು ಸಣ್ಣ ಸಣ್ಣ ಶೆಡ್ಡುಗಳಲ್ಲಿ ಲೆಕ್ಕಕ್ಕೆ ಸಿಗದೆ ಹಾರುತ್ತಿದೆ.

ಉತ್ತರ 2: ಗ್ರಾನೈಟ್ ಘಟಕದ ಮಾಲೀಕ, ಜಿಗಣಿ

ವೈದ್ಯರು ಹೇಳಿದ್ದನ್ನು ಶೆಡ್ಡಿನಲ್ಲಿ ಜಾರಿಗೆ ತರುವ ಬಗೆಯನ್ನು ನನ್ನ ಅನುಭವದಿಂದ ತಿಳಿಸುತ್ತೇನೆ.

ಕರೆಂಟಿನ ಗ್ರೈಂಡರ್‌ಗೆ ಯಾರೋ ಮಗ್ಗಿನಲ್ಲಿ ನೀರು ಹೊಯ್ಯುವ ಪದ್ಧತಿಗೆ ಎಂದೂ ಅವಕಾಶ ಕೊಡಬೇಡಿ; ಧೂಳಿನಿಂದ ತಪ್ಪಿಸಿಕೊಂಡವರು ಶಾಕ್‌ನಿಂದ ಸಾಯುತ್ತಾರೆ. ನಿಮ್ಮಲ್ಲಿ ಹೇಗೂ ಕಂಪ್ರೆಸರ್ ಇದೆ. ಗಾಳಿಯಿಂದ ತಿರುಗುವ, ಚಕ್ರದ ನಡುವಿನಿಂದಲೇ ನೀರು ಬರುವ ಗ್ರೈಂಡರ್‌ಗಳು ಸಿಗುತ್ತವೆ, ಅವುಗಳಲ್ಲಿ ಶಾಕ್‌ನ ಭಯವಿಲ್ಲ. ಒಮ್ಮೆಗೇ ಎಲ್ಲವನ್ನೂ ಬದಲಿಸಲಾಗದಿದ್ದರೆ ಅಂಚು ತಿದ್ದುವ ಜಾಗದಿಂದ ಆರಂಭಿಸಿ, ಏಕೆಂದರೆ ಅಲ್ಲಿ ಒಬ್ಬನೇ ಮನುಷ್ಯ ದಿನವಿಡೀ ಚಕ್ರಕ್ಕೆ ಮುಖ ಕೊಟ್ಟು ಕೂರುತ್ತಾನೆ. ಒದ್ದೆ ಜಾಗಕ್ಕೆ ಹೋಗುವ ಪ್ರತಿಯೊಂದು ವಿದ್ಯುತ್ ಲೈನಿಗೂ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನನ್ನು ತಾನೇ ಕಡಿಯುವ ಸ್ವಿಚ್ಚು) ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ.

ಹೆಚ್ಚಿನವರು ಗಮನಿಸದ ಸಂಗತಿ ಸ್ಲರಿಯದು, ಅಂದರೆ ಕಲ್ಲಿನ ಹುಡಿ ಬೆರೆತ ಕೆಸರುನೀರಿನದು. ನೀರಿನಲ್ಲಿ ಕೂತ ಹುಡಿ ನೆಲದ ಮೇಲೆ ಒಣಗಿತೆಂದರೆ ಮರುದಿನ ಬೆಳಿಗ್ಗೆ ಪೊರಕೆ ತಾಗಿದಾಗ, ಟ್ರಾಲಿ ಉರುಳಿದಾಗ ಮತ್ತೆ ಗಾಳಿಗೇರುತ್ತದೆ. ನೆಲಕ್ಕೆ ಇಳಿಜಾರು ಕೊಟ್ಟು ಚರಂಡಿಯ ಮೂಲಕ ಸ್ಲರಿಯನ್ನು ತೊಟ್ಟಿಗೆ ಬಿಡಬೇಕು. ಕೆಸರು ಕೂತ ಮೇಲೆ ತಿಳಿನೀರನ್ನು ಮತ್ತೆ ಬಳಸಬಹುದಾದ್ದರಿಂದ ನೀರಿನ ಕೊರತೆ ಇರುವ ನಿಮ್ಮ ಭಾಗದಲ್ಲೂ ಇದು ನಡೆಯುತ್ತದೆ. ಒಣ ಪೊರಕೆ ಮತ್ತು ಬಟ್ಟೆಗೆ ಕಂಪ್ರೆಸರ್ ಗಾಳಿ ಹೊಡೆಯುವ ಅಭ್ಯಾಸ, ಎರಡನ್ನೂ ಇಂದೇ ನಿಲ್ಲಿಸಿ. ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ. ಕೆಲಸದ ಬಟ್ಟೆ ಶೆಡ್ಡಿನಲ್ಲೇ ಉಳಿದು ಅಲ್ಲೇ ತೊಳೆಯಲ್ಪಡಬೇಕು, ಮನೆಗೆ ಹೋಗಬಾರದು. ನಿಂತು ಬೀಸುವ ದೊಡ್ಡ ಫ್ಯಾನ್ ಕೂಡ ಒಬ್ಬನ ಧೂಳನ್ನು ಪಕ್ಕದವನ ಮೂಗಿಗೆ ತಲುಪಿಸುವ ಸಾಧನ. ಅಕ್ಷರ ಕೆತ್ತನೆಯಂಥ, ಒಣಗಿಸಿಯೇ ಮಾಡಬೇಕಾದ ಕೆಲಸಗಳನ್ನು ಬೇರೆ ಮೂಲೆಗೆ ಸರಿಸಿ, ಕಲ್ಲಿನ ಪಕ್ಕಕ್ಕೇ ಬರುವಂತೆ ಹೀರುವ ಹುಡ್ ಕೂರಿಸಿ.

ಉತ್ತರ 3: ಎಡ್ಜ್ ಪಾಲಿಶ್ ಕೆಲಸಗಾರ

ಮಾಲೀಕರು ಬರೆದದ್ದೆಲ್ಲ ಸರಿಯಾಗಿದೆ. ಆದರೆ ರೇಟಿನ ವಿಷಯ ಬಿಟ್ಟುಹೋಗಿದೆ. ನಮಗೆ ಕೂಲಿ ಸಿಗುವುದು ಓಡುವ ಅಡಿ, ಅಂದರೆ ತಿದ್ದಿದ ಅಂಚಿನ ಉದ್ದದ ಲೆಕ್ಕದಲ್ಲಿ. ನೀರು ಹಾಕಿ ಮಾಡುವಾಗ ಗೆರೆ ಕಾಣುವುದಿಲ್ಲ. ಆಗಾಗ ನಿಲ್ಲಿಸಿ ಒರೆಸಿ ನೋಡಬೇಕಾಗುತ್ತದೆ. ಅದೇ ರೇಟಿನಲ್ಲಿ ನೀರು ಹಾಕಿ ಮಾಡಿ ಎಂದರೆ ದಿನದ ಗಳಿಕೆ ಇಳಿಯುತ್ತದೆ, ಮೇಲ್ವಿಚಾರಕರು ಅತ್ತ ಹೋದ ಕೂಡಲೇ ನಲ್ಲಿ ಬಂದ್ ಆಗುತ್ತದೆ. ಒದ್ದೆ ಕೆಲಸಕ್ಕೆ ರೇಟು ಹೆಚ್ಚಿಸಿ ಕೊಟ್ಟ ಕಡೆ ಯಾರೂ ಹೇಳದೆಯೇ ನೀರು ಹರಿಯುತ್ತಿರುವುದನ್ನು ನಾನು ನೋಡಿದ್ದೇನೆ. ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಂಬೂಟ್ ಇಲ್ಲದಿದ್ದರೆ ಬೆರಳ ಸಂದು, ಹಿಮ್ಮಡಿ ಒಡೆದು ಎರಡನೇ ವಾರಕ್ಕೆ ಒದ್ದೆ ಕೆಲಸವೇ ಬೇಡವೆನಿಸುತ್ತದೆ.

ಇನ್ನೊಂದು ಮಾತು. ಕೆಮ್ಮು ಇದ್ದವರು ಹೇಳಿಕೊಳ್ಳುವುದಿಲ್ಲ. ಪರೀಕ್ಷೆ ಮಾಡಿಸಿ ಕಾಯಿಲೆ ಬಂತೆಂದರೆ ಮರುದಿನ ಗುತ್ತಿಗೆದಾರ ಲೆಕ್ಕ ಮುಗಿಸಿ ಊರಿಗೆ ಕಳುಹಿಸುತ್ತಾನೆ ಎಂಬುದು ನಮ್ಮೆಲ್ಲರ ಭಯ. ಆ ಭಯ ಹೋಗದೆ ಎಷ್ಟು ಕ್ಯಾಂಪ್ ಮಾಡಿದರೂ ನಿಜವಾದ ರೋಗಿ ಅಂದು ರಜೆ ಹಾಕುತ್ತಾನೆ.

ಉತ್ತರ 4: ಕಾರ್ಮಿಕ ಕಾನೂನಿನ ವಕೀಲ, ಹುಬ್ಬಳ್ಳಿ

ಮೇಲಿನವರು ಎತ್ತಿದ ಭಯ ನಿಜವಾದದ್ದು. ಅದಕ್ಕೆ ಕಾನೂನಿನಲ್ಲಿ ಇರುವ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ.

ಮಾಸ್ಕ್ ಪೆಟ್ಟಿಗೆ ತರಿಸಿದರೆ ಸಾಕೆಂಬ ವಾದ 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದಲೂ ನಿಲ್ಲುವುದಿಲ್ಲ. ಅದರ 14ನೇ ಪ್ರಕರಣವು ಧೂಳು ಕೆಲಸದ ಕೋಣೆಯಲ್ಲಿ ಸೇರದಂತೆ ಮತ್ತು ಉಸಿರಿಗೆ ಹೋಗದಂತೆ ತಡೆಯುವ ಪರಿಣಾಮಕಾರಿ ಏರ್ಪಾಡನ್ನು ಕೇಳುತ್ತಿತ್ತು. ಹೀರುವ ಸಾಧನ ಬೇಕಾದಲ್ಲಿ ಅದು ಧೂಳು ಹುಟ್ಟುವ ಸ್ಥಳಕ್ಕೆ ಸಾಧ್ಯವಾದಷ್ಟು ಹತ್ತಿರವಿರಬೇಕೆಂದು, ಆ ಸ್ಥಳವನ್ನು ಸಾಧ್ಯವಾದಷ್ಟು ಮುಚ್ಚಿರಬೇಕೆಂದು ಹೇಳುತ್ತಿತ್ತು. ಅದೇ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಮಿತಿಯೂ ಇತ್ತು. ಉಸಿರಿಗೆ ಹೋಗುವ ಧೂಳಿನಲ್ಲಿರುವ ಕ್ವಾರ್ಟ್ಜ್‌ನ ಶೇಕಡಾವಾರು ಪ್ರಮಾಣಕ್ಕೆ ಎರಡು ಕೂಡಿಸಿ, ಹತ್ತನ್ನು ಅದರಿಂದ ಭಾಗಿಸಬೇಕು. ಶೇ 30 ಕ್ವಾರ್ಟ್ಜ್ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 0.31 ಮಿಲಿಗ್ರಾಂ ಧೂಳು, ಅದರಲ್ಲಿ ಸಿಲಿಕಾ ಸುಮಾರು 0.09 ಮಿಲಿಗ್ರಾಂ ಎಂದಾಯಿತು. ಅಮೆರಿಕದಲ್ಲಿ 2016ರ ನಿಯಮದಂತೆ ಸಿಲಿಕಾದ ಮಿತಿ 0.05 ಮಿಲಿಗ್ರಾಂ. ನಮ್ಮ ಮಿತಿ ಅದಕ್ಕಿಂತ ಸಡಿಲವಾಗಿದ್ದರೂ, ಒಣ ಗ್ರೈಂಡರ್ ತಿರುಗುವ ಮುಚ್ಚಿದ ಶೆಡ್ಡು ಅದನ್ನು ದಾಟದೆ ಉಳಿಯುವುದು ಕಷ್ಟ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗದಲ್ಲಿ ಕೂತಿದೆ. ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಲ್ಲದಷ್ಟರ ಮಟ್ಟಿಗೆ ಮುಂದುವರಿಯುತ್ತವೆ. ವಿದ್ಯುತ್ ಬಳಸುವ ಘಟಕದಲ್ಲಿ ಇಪ್ಪತ್ತು ಕಾರ್ಮಿಕರಿದ್ದರೆ ಅದು ಕಾರ್ಖಾನೆ. ಗುತ್ತಿಗೆಯವರನ್ನೂ ಎಣಿಸಬೇಕು, ಹಾಗಾಗಿ ನಿಮ್ಮ ಘಟಕ ಖಂಡಿತವಾಗಿ ಒಳಗೆ ಬರುತ್ತದೆ. ನಿಗದಿಪಡಿಸಿದ ಉದ್ಯೋಗಿಗಳಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಎಂಬ ಎರಡು ಹೊಣೆಗಳು ಮಾಲೀಕರ ಮೇಲಿವೆ. ನೇಮಕಾತಿ ಪತ್ರವನ್ನು ಹಗುರವಾಗಿ ಕಾಣಬೇಡಿ. ಹಲವು ಘಟಕಗಳಲ್ಲಿ ದುಡಿದು ಉಸಿರು ಕಳೆದುಕೊಂಡವನು ನಾಳೆ ಪರಿಹಾರ ಕೇಳುವಾಗ, ಅಲ್ಲಿ ಕೆಲಸ ಮಾಡಿದ್ದೆ ಎಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ನಾನು ಕಂಡ ಪ್ರಕರಣಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ, ವೈದ್ಯಕೀಯ ಸಾಕ್ಷ್ಯದ ಕೊರತೆಯಿಂದಲ್ಲ.

ಸಿಲಿಕೋಸಿಸ್ ಅಧಿಸೂಚಿತ ರೋಗ. ಅದು ಕಂಡುಬಂದರೆ ಕಾರ್ಖಾನೆಯವರು ಇಲಾಖೆಗೆ ತಿಳಿಸಬೇಕು. ಚಿಕಿತ್ಸೆ ಕೊಡುವ ವೈದ್ಯರಿಗೂ ವರದಿ ಮಾಡುವ ಕರ್ತವ್ಯವಿದೆ. ಪ್ರಕರಣವನ್ನು ಕ್ಷಯವೆಂದಷ್ಟೇ ಬರೆದರೆ ಈ ಸರಪಳಿ ಆರಂಭವಾಗುವುದೇ ಇಲ್ಲ. ಇಎಸ್‌ಐಯಲ್ಲೂ (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಸಾಮಾನ್ಯ ಕಾಯಿಲೆಗೆ ಕೂಲಿಯ ಶೇ 70ರಷ್ಟು ಭತ್ಯೆ ವರ್ಷದಲ್ಲಿ 91 ದಿನಗಳವರೆಗೆ ಸಿಗುತ್ತದೆ, ಕ್ಷಯದಂಥ ದೀರ್ಘ ಕಾಯಿಲೆಗೆ ಅದನ್ನು ಗರಿಷ್ಠ ಎರಡು ವರ್ಷದವರೆಗೆ ಶೇ 80ರ ದರದಲ್ಲಿ ವಿಸ್ತರಿಸುತ್ತಾರೆ. ಔದ್ಯೋಗಿಕ ರೋಗವೆಂದು ಒಪ್ಪಿಕೊಂಡರೆ ಅದನ್ನು ಕೆಲಸದಲ್ಲಾದ ಗಾಯದಂತೆಯೇ ಪರಿಗಣಿಸಿ, ಶಾಶ್ವತ ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಜೀವನಪೂರ್ತಿ ಭತ್ಯೆ, ಮರಣವಾದರೆ ಅವಲಂಬಿತರಿಗೆ ಭತ್ಯೆ ದೊರೆಯುತ್ತದೆ. ಇಎಸ್‌ಐ ಇಲ್ಲದವರಿಗೆ ಮಾಲೀಕರಿಂದಲೇ ಪರಿಹಾರ ಕೇಳುವ ಹಕ್ಕಿದೆ.

ಕಾಯಿಲೆ ಬಂದವರನ್ನು ತೆಗೆದುಹಾಕುವ ಬಗ್ಗೆ: ಹಳೆಯ ಇಎಸ್‌ಐ ಕಾಯ್ದೆಯ 73ನೇ ಪ್ರಕರಣ, ಅನಾರೋಗ್ಯ ಭತ್ಯೆ ಅಥವಾ ತಾತ್ಕಾಲಿಕ ಅಂಗವೈಕಲ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ವಜಾ ಮಾಡುವುದನ್ನು ನಿಷೇಧಿಸಿತ್ತು. ಅಂಥ ರಕ್ಷಣೆ ಕೇಳಬೇಕಾದರೆ ಮೊದಲು ಅವರ ಹೆಸರು ಇಎಸ್‌ಐ ಪಟ್ಟಿಯಲ್ಲಿರಬೇಕು, ಆದ್ದರಿಂದ ಗುತ್ತಿಗೆದಾರರು ಚಂದಾ ಕಟ್ಟುತ್ತಿದ್ದಾರೆಯೇ ಎಂದು ಈ ತಿಂಗಳೇ ನೋಡಿ. 1995ರಲ್ಲಿ ಆಸ್ಬೆಸ್ಟಾಸ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕರ ಆರೋಗ್ಯವನ್ನು ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಆರೋಗ್ಯ ದಾಖಲೆಗಳನ್ನು 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ, ಇಡಬೇಕೆಂದು ಆದೇಶಿಸಿತು. ಆದೇಶ ಆಸ್ಬೆಸ್ಟಾಸ್ ಉದ್ಯಮಕ್ಕೆ ಬಂದದ್ದಾದರೂ ಧೂಳಿನ ಯಾವ ಉದ್ಯಮದವರೂ ಅನುಸರಿಸಲು ಯೋಗ್ಯವಾದ ಅಳತೆ ಅದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕಂಪ್ರೆಸರ್ ಗಾಳಿ ಮತ್ತು ಒಣ ಪೊರಕೆಯನ್ನು ನಿಲ್ಲಿಸಲು, ಒದ್ದೆ ಕೆಲಸಕ್ಕೆ ಬೇರೆ ರೇಟು ಕೊಡಲು ಮಾಲೀಕರು ಒಪ್ಪಿದ್ದಾರೆ. ಗಾಳಿಯ ಗ್ರೈಂಡರ್‌ಗಳನ್ನು ಎರಡು ಕಂತಿನಲ್ಲಿ ತರಿಸುವ ಮಾತಾಗಿದೆ. ಇಎಸ್‌ಐ ಪಟ್ಟಿಯಲ್ಲಿ ಗುತ್ತಿಗೆಯವರ ಹೆಸರು ಅರ್ಧದಷ್ಟೂ ಇಲ್ಲವೆಂಬುದು ಈಗ ತಿಳಿಯಿತು. ನಮ್ಮ ಹಿರಿಯರನ್ನು ಎಲ್ಲಿಗೆ ಕರೆದೊಯ್ಯಬೇಕು?

ಉತ್ತರ 1ರ ವೈದ್ಯೆ

ಮೊದಲು ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಶ್ವಾಸಕೋಶ ವಿಭಾಗಕ್ಕೆ ಕರೆದೊಯ್ಯಿರಿ. ಹಳೆಯ ಎಕ್ಸ್‌ರೇ ಫಿಲ್ಮುಗಳೆಲ್ಲ ಜೊತೆಗಿರಲಿ, ಏಕೆಂದರೆ ಗಂಟುಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿವೆ ಎಂಬುದರಿಂದ ಬಹಳಷ್ಟು ತಿಳಿಯುತ್ತದೆ. ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ (ಉಸಿರಾಟದ ಸಾಮರ್ಥ್ಯ ಅಳೆಯುವ ಪರೀಕ್ಷೆ), ಕಫ ಪರೀಕ್ಷೆ ಮೂರೂ ಆಗಬೇಕು. ಸಿಲಿಕೋಸಿಸ್ ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣದಂತೆ ಎಕ್ಸ್‌ರೇ ಓದಬಲ್ಲವರು ಬೇಕಾಗುತ್ತದೆ. ಅಲ್ಲಿ ಸಂದೇಹ ಉಳಿದರೆ, ಐಸಿಎಂಆರ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದ್ದು, ಚಿಕಿತ್ಸೆ ಕೊಡುತ್ತಿರುವ ವೈದ್ಯರ ಮೂಲಕವೇ ಅವರ ಅಭಿಪ್ರಾಯ ಕೇಳುವುದು ಒಳ್ಳೆಯದು. ಅಲ್ಲಿಯವರೆಗೆ ಅವರನ್ನು ಹಿಂಬದಿಯ ಶೆಡ್ಡಿಗೆ ಕಳುಹಿಸಬೇಡಿ. ಕೂಲಿ ಇಳಿಸದೆ ಧೂಳಿಲ್ಲದ ಕೆಲಸ ಕೊಡಿ. ಅವರ ಪಕ್ಕದಲ್ಲೇ ಅಷ್ಟೇ ವರ್ಷ ಕೂತು ದುಡಿದವರ ಎಕ್ಸ್‌ರೇಯನ್ನೂ, ಕೆಮ್ಮು ಇರಲಿ ಇಲ್ಲದಿರಲಿ, ಈಗಲೇ ತೆಗೆಸಿ.