ಹೈ-ಎಂಸಿಎಂಗೆ ನಾಲ್ಕು ಮಕ್ಕಳು ರೆಡಿ, ಎಲ್ಲಿಂದ ಶುರು ಮಾಡೋದು ಅಂತ ಮೇಷ್ಟ್ರಿಗೇ ಗೊತ್ತಿಲ್ಲ

ಹಾಸನದ ಲೆಕ್ಕದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರದ ಒಂದು ಶಾಲೆಯಲ್ಲಿ ಒಂಬತ್ತು, ಹತ್ತನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮ ನಾಲ್ಕು ಮಕ್ಕಳು ಎಲ್ಲಿಂದಲೋ ಈ ಹೈ-ಎಂಸಿಎಂ ಅನ್ನುವ ಗಣಿತ ಮಾಡೆಲಿಂಗ್ ಸ್ಪರ್ಧೆಯ (ನಿಜ ಜೀವನದ ಪ್ರಶ್ನೆಗೆ ಲೆಕ್ಕದ ಮಾದರಿ, ಅಂದರೆ ಮಾಡೆಲ್, ಕಟ್ಟುವುದು) ಸುದ್ದಿ ಹಿಡಿದುಕೊಂಡು ಬಂದಿದ್ದಾರೆ. ಅಮೆರಿಕದ ಕೋಮ್ಯಾಪ್ ಸಂಸ್ಥೆ ನಡೆಸುತ್ತದೆ, ಬೇರೆ ದೇಶದ ಹೈಸ್ಕೂಲು ಮಕ್ಕಳೂ ಸೇರಬಹುದು. ತಂಡಕ್ಕೆ ನಾಲ್ಕು ಜನರವರೆಗೆ. ನವೆಂಬರ್‌ನಲ್ಲಿ 14 ದಿನ ಕೊಡುತ್ತಾರೆ, ಎರಡು ಪ್ರಶ್ನೆಯಲ್ಲಿ ಒಂದನ್ನು ಆರಿಸಿಕೊಂಡು 25 ಪುಟದೊಳಗೆ ವರದಿ ಬರೆಯಬೇಕು. ಇಷ್ಟು ಓದಿಕೊಂಡೆ.

ಹೋದ ಶನಿವಾರ ಒಂದು ಪ್ರಯೋಗ ಮಾಡಿದೆ. 2023ರ ಪ್ರಶ್ನೆ ಕೊಟ್ಟೆ. ಒಂದು ಹೆಕ್ಟೇರ್ ಖಾಲಿ ಜಾಗ, ಪಕ್ಕದಲ್ಲಿ ಬೀಜ ಹಾರಿಸಲು ತಯಾರಾಗಿ ನಿಂತ ಒಂದೇ ಒಂದು ಡ್ಯಾಂಡೆಲಿಯನ್ ಗಿಡ. 1, 2, 3, 6, 12 ತಿಂಗಳಲ್ಲಿ ಅದು ಎಷ್ಟು ಹರಡುತ್ತದೆ ಅಂತ ಮಾಡೆಲ್ ಕಟ್ಟಬೇಕು. ಮುಕ್ಕಾಲು ಗಂಟೆ ಸುಮ್ನೆ ಕೂತರು. ಆಮೇಲೆ ಒಬ್ಬ ಕೈ ಎತ್ತಿ, "ಸರ್, ಯಾವ ಫಾರ್ಮುಲಾ ಹಾಕ್ಬೇಕು?" ಅಂದ. ಇನ್ನೊಬ್ಬ, "ಉತ್ತರ ಎಷ್ಟು ಬರುತ್ತೆ ಸರ್, ಅದು ಹೇಳಿ, ನಾವು ಹಿಂದಿನಿಂದ ಬರ್ತೀವಿ" ಅಂದ. ತಪ್ಪು ಅವರದಲ್ಲ ಬಿಡಿ. ಹತ್ತು ವರ್ಷ ನಾವು ಕಲಿಸಿದ್ದೇ ಅದನ್ನ. ನಿಜ ಹೇಳಬೇಕೆಂದರೆ ನನಗೂ ಏನು ಹೇಳಬೇಕು ಅಂತ ತೋಚಲಿಲ್ಲ. ಡ್ಯಾಂಡೆಲಿಯನ್ ಗಿಡವನ್ನು ನಾನೂ ಕಣ್ಣಾರೆ ಕಂಡವನಲ್ಲ.

ಇನ್ನೊಂದು ತಲೆನೋವು. ನಾಲ್ವರಲ್ಲಿ ಮೂರು ಹುಡುಗರು ಲೆಕ್ಕದಲ್ಲಿ ಚುರುಕು. ನಾಲ್ಕನೆಯವಳು ಲೆಕ್ಕದಲ್ಲಿ ಸುಮಾರು, ಆದರೆ ಶಾಲೆಯ ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆಯುವವಳು ಅವಳೇ. "ಇವಳು ಯಾಕೆ ಸರ್, ಬೇರೆ ಯಾರನ್ನಾದರೂ ಹಾಕಿ" ಅಂತ ಹುಡುಗರ ರಾಗ. ಏನು ಮಾಡಲಿ? ನನ್ನ ಕೈಲಿ ಇರುವುದು ಹತ್ತು ವಾರ, ಅದೂ ಶನಿವಾರ ಮಧ್ಯಾಹ್ನ ಮಾತ್ರ.

ಬನಶಂಕರಿ ಅಪ್ಪ:

ಬೇಜಾರು ಮಾಡ್ಕೋಬೇಡಿ ಸರ್. ಹತ್ತನೇ ಕ್ಲಾಸಿನ ಮಕ್ಕಳು ನವೆಂಬರ್‌ನಲ್ಲಿ ಎರಡು ವಾರ ಇದಕ್ಕೆ ಕೂತರೆ ಪ್ರಿಪರೇಟರಿಗೆ ಓದೋದು ಯಾವಾಗ? ಸಿಇಟಿ, ಜೆಇಇ ಯಾವುದಕ್ಕೂ ಇದರ ಮಾರ್ಕ್ಸು ಸೇರಲ್ಲ. ಒಂಬತ್ತನೇ ಕ್ಲಾಸಿನವರನ್ನು ಕಳಿಸಿ, ಹತ್ತರವರನ್ನು ಬಿಟ್ಟುಬಿಡಿ. ಒಬ್ಬ ಅಪ್ಪನಾಗಿ ಹೇಳ್ತಾ ಇದ್ದೀನಿ ಅಷ್ಟೆ.

ಮೈಸೂರು ಮೇಡಂ:

ಬನಶಂಕರಿ ಅಪ್ಪ ಹೇಳುವುದರಲ್ಲಿ ಅರ್ಧ ಸರಿ ಇದೆ. ಹತ್ತನೇ ಕ್ಲಾಸಿನ ಮಕ್ಕಳ ಮನೆಯವರನ್ನು ಕೂರಿಸಿ ಮೊದಲೇ ಮಾತಾಡಿ. ಉಳಿದ ಅರ್ಧಕ್ಕೆ ನನ್ನ ತಕರಾರಿದೆ, ಅದು ಇಲ್ಲಿ ಬೇಡ.

ಮೇಷ್ಟ್ರೇ, ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಮೂರು ಸಲ ತಂಡಕ್ಕೆ ಅಡ್ವೈಸರ್ ಆಗಿದ್ದೆ. ದೊಡ್ಡ ಪ್ರಶಸ್ತಿ ಏನೂ ಬರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲಿ ಎಡವುತ್ತಾರೆ ಅಂತ ಚೆನ್ನಾಗಿ ಗೊತ್ತು.

ಆ ಹುಡುಗಿಯನ್ನು ಬಿಡಬೇಡಿ. ತೀರ್ಪುಗಾರರು ಮೊದಲು ನೋಡುವುದು ಒಂದು ಪುಟದ ಸಾರಾಂಶ. ಏನು ಕೇಳಿದ್ದರು, ನಾವೇನು ಮಾಡಿದೆವು, ಎಷ್ಟು ಬಂತು, ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವುದು ಆ ಒಂದು ಪುಟದಲ್ಲಿ ಬರಬೇಕು. ಅದು ಸಪ್ಪೆಯಾದರೆ ಒಳಗೆ ಎಂಥ ಸಮೀಕರಣ ಇದ್ದರೂ ಅಷ್ಟಕ್ಕಷ್ಟೆ. ಎಷ್ಟೋ ಪ್ರಶ್ನೆಗಳಲ್ಲಿ ಗಣಿತ ಗೊತ್ತಿಲ್ಲದವರಿಗೆ ಒಂದು ಪುಟದ ಪತ್ರ ಬರೆಯಿರಿ ಅಂತಲೂ ಇರುತ್ತದೆ. 2023ರ ಇನ್ನೊಂದು ಪ್ರಶ್ನೆ ಎಲೆಕ್ಟ್ರಿಕ್ ಬಸ್ಸಿನದು, ಅದರಲ್ಲಿ ಸಾರಿಗೆ ಅಧಿಕಾರಿಗಳಿಗೆ ಪತ್ರ ಬರೆಯಬೇಕಿತ್ತು. ನಿಮ್ಮ ಮೂರು ಹುಡುಗರಲ್ಲಿ ಯಾರಿಗೆ ಅದು ಬರುತ್ತದೆ ಕೇಳಿ ನೋಡಿ.

ಇನ್ನು ಡ್ಯಾಂಡೆಲಿಯನ್. ನೋಡದ ಗಿಡದ ಮೇಲೆ ಯಾಕೆ ಕಲಿಸುತ್ತೀರಿ? ಕಾಂಗ್ರೆಸ್ ಹುಲ್ಲು ತೆಗೆದುಕೊಳ್ಳಿ. ಎರಡೂ ಸೂರ್ಯಕಾಂತಿ ಕುಟುಂಬದ್ದೇ. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಮಕ್ಕಳಿಗೆ ಇದೊಂದೇ ಸಂಖ್ಯೆ ಕೊಟ್ಟು, ಒಂದು ಥರ್ಟಿ ಫಾರ್ಟಿ ಸೈಟಿನಲ್ಲಿ ಎರಡು ತಲೆಮಾರಿನ ನಂತರ ಎಷ್ಟು ಗಿಡ ಅಂತ ಕೇಳಿ. ಖಂಡಿತ ಗುಣಿಸುತ್ತಾರೆ. ಹದಿನೈದು ಸಾವಿರವನ್ನು ಹದಿನೈದು ಸಾವಿರದಿಂದ ಗುಣಿಸಿದರೆ 22.5 ಕೋಟಿ. ಸೈಟು 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ ಇನ್ನೂರು ಗಿಡ! ಆಗ ಬೆರಳಿನ ಉಗುರು ತೋರಿಸಿ, "ಇದರ ಮೇಲೆ ಇನ್ನೂರು ಗಿಡ ನಿಲ್ಲುತ್ತಾ?" ಅಂತ ಕೇಳಿ. ನಾನು ಕೇಳಿದಾಗ ಕ್ಲಾಸೆಲ್ಲಾ ನಕ್ಕಿತು. ನಗು ನಿಂತ ಮೇಲೆ ಒಬ್ಬ ಹುಡುಗ, "ಹಾಗಾದರೆ ಎಷ್ಟು ನಿಲ್ಲುತ್ತೆ ಮೇಡಂ?" ಅಂದ. ಮಾಡೆಲಿಂಗ್ ಶುರುವಾಗುವುದು ಅಲ್ಲಿಂದ. ಜಾಗ ತುಂಬುತ್ತಾ ಬಂದ ಹಾಗೆ ಬೆಳವಣಿಗೆ ಕುಗ್ಗಬೇಕು ಅಂತ ಅವರ ಬಾಯಿಂದಲೇ ಬಂದ ಮೇಲೆ ಲಾಜಿಸ್ಟಿಕ್ ಸಮೀಕರಣ ತೋರಿಸಿ. ಮೊದಲೇ ತೋರಿಸಿದರೆ ಅದೂ ಇನ್ನೊಂದು ಫಾರ್ಮುಲಾ ಆಗಿಬಿಡುತ್ತದೆ.

"ಎಷ್ಟು ನಿಲ್ಲುತ್ತೆ" ಅನ್ನುವುದಕ್ಕೆ ಗೂಗಲ್ ಬೇಡ. ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಚೌಕ ಮಾಡಿಸಿ. ಶಾಲೆಯ ಹತ್ತಿರ ಖಾಲಿ ಸೈಟಿಗೆ ಹೋಗಿ, ಕಣ್ಣು ಮುಚ್ಚಿ ಎಸೆದು, ಚೌಕದೊಳಗಿನ ಗಿಡ ಎಣಿಸಲಿ. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಇರಲೇಬೇಕು. ಆ ಗಿಡ ಮುಟ್ಟಿದರೆ ಕೆಲವರಿಗೆ ಚರ್ಮದ ಅಲರ್ಜಿ ಆಗುತ್ತದೆ. ಉಬ್ಬಸ ಇರುವ ಮಕ್ಕಳನ್ನು ಕರೆದೊಯ್ಯಬೇಡಿ.

ಆಮೇಲೆ ಎರಡು ಗಿಡವನ್ನೂ ಹೋಲಿಸಲಿ. ಡ್ಯಾಂಡೆಲಿಯನ್ ಬೀಜಕ್ಕೆ ನಮ್ಮ ಎಕ್ಕದ ಬೀಜದ ಹಾಗೆ ಪುಕ್ಕ ಇದೆ, ಗಾಳಿಯಲ್ಲಿ ತೇಲಿ ಹೋಗುತ್ತದೆ. ಕಾಂಗ್ರೆಸ್ ಬೀಜ ಜಾಸ್ತಿ ಓಡಾಡುವುದು ನೀರು, ಕೆಸರು, ಗಾಡಿ ಚಕ್ರದ ಜೊತೆ. ಹಾಗಾಗಿ ಒಂದಕ್ಕೆ ಗಾಳಿಯ ವೇಗ ಮುಖ್ಯ, ಇನ್ನೊಂದಕ್ಕೆ ರಸ್ತೆ ಎಲ್ಲಿದೆ ಅನ್ನುವುದು ಮುಖ್ಯ. ವರದಿಯಲ್ಲಿ "ನಾವು ಹೀಗೆ ಅಂದುಕೊಂಡಿದ್ದೇವೆ, ಯಾಕೆಂದರೆ" ಅಂತ ಬರೆಯುವ ಭಾಗ ಇದೇ. ಈ "ಯಾಕೆಂದರೆ" ಬಿಟ್ಟುಹೋಗಿದ್ದಕ್ಕೆ ನಮ್ಮ ಮೊದಲ ವರ್ಷದ ವರದಿ ಸೋತಿತು ಅಂತ ನನ್ನ ನಂಬಿಕೆ.

ಕೆಲವು ನಿಯಮಗಳು ಬಿಗಿ. ಸ್ಪರ್ಧೆ ಶುರುವಾದ ಮೇಲೆ ತಂಡದ ಹೊರಗಿನವರ ಜೊತೆ ಪ್ರಶ್ನೆಯ ಬಗ್ಗೆ ಮಾತಾಡುವ ಹಾಗಿಲ್ಲ. ನೀವೂ ಹೊರಗಿನವರೇ. ವರದಿಯಲ್ಲಿ ಎಲ್ಲೂ ಮಕ್ಕಳ ಹೆಸರು, ಶಾಲೆಯ ಹೆಸರು ಬರಬಾರದು, ತಂಡದ ನಂಬರ್ ಮಾತ್ರ. ನಮ್ಮ ಎರಡನೇ ವರ್ಷ ಪೈಥಾನ್ ಕೋಡಿನ ಮೊದಲ ಸಾಲಲ್ಲೇ ಹುಡುಗನ ಪೂರ್ತಿ ಹೆಸರು ಇತ್ತು. ನನಗೆ ಕಾಣುತ್ತಿದೆ, ಬಾಯಿ ಬಿಡುವ ಹಾಗಿಲ್ಲ. ಆ ರಾತ್ರಿ ನಾನು ಕುಡಿದ ಕಾಫಿಗೆ ಲೆಕ್ಕವಿಲ್ಲ. ಕೊನೆಗೆ ಅವರಲ್ಲೇ ಒಬ್ಬಳು ಕಂಡುಹಿಡಿದಳು. ಚಾಟ್‌ಬಾಟ್ ಬಳಸಿದರೆ ಏನು ಕೇಳಿದೆವು, ಏನು ಬಂತು ಅಂತ ಕೊನೆಯಲ್ಲಿ ಬರೆದು ಸೇರಿಸಬೇಕು.

ಗಡುವು ಅಮೆರಿಕದ ಪೂರ್ವ ಕರಾವಳಿಯ ಸಮಯಕ್ಕೆ. ಅವರು ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಅಲ್ಲಿಯವರೆಗೆ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಆಮೇಲೆ ಹತ್ತೂವರೆ. ಬೋರ್ಡಿನ ಮೇಲೆ ಬರೆದಿಡಿ.

ಜೆರ್ಸಿ ಕನ್ನಡಿಗ:

ಮೇಡಂ ಎಲ್ಲಾ ಹೇಳಿದ್ದಾರೆ, ನನ್ನದೊಂದು ಒಗ್ಗರಣೆ. ನನ್ನ ಮಗ ಇಲ್ಲಿ 2024ರಲ್ಲಿ ಎಂ-ತ್ರೀ ಚಾಲೆಂಜ್ ಅನ್ನುವ ಇಂಥದ್ದೇ ಸ್ಪರ್ಧೆಗೆ ಕೂತಿದ್ದ. ಸಯಾಮ್ ಸಂಸ್ಥೆಯದು, ಸಮಯ 14 ದಿನ ಅಲ್ಲ, 14 ಗಂಟೆ! ಅದು ಅಮೆರಿಕ, ಇಂಗ್ಲೆಂಡ್ ಮತ್ತು ವೇಲ್ಸ್ ಮಕ್ಕಳಿಗೆ ಮಾತ್ರ, ನಿಮ್ಮವರು ಸೇರಲಾಗದು. ಆದರೆ ಅದರ ಹಳೆಯ ಪ್ರಶ್ನೆಗಳು, ಗೆದ್ದ ತಂಡಗಳ ವರದಿಗಳು, ಮಾಡೆಲಿಂಗ್ ಕೈಪಿಡಿ ಎಲ್ಲಾ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪ್ರತಿ ಶನಿವಾರ ಒಂದೊಂದು ಸಾರಾಂಶ ಓದಿಸಿ.

ಆ ವರ್ಷದ ಪ್ರಶ್ನೆ ಮನೆಗಳ ಕೊರತೆಯ ಮೇಲೆ. ಸಿಯಾಟಲ್‌ನಂಥ ಊರಿನಲ್ಲಿ 10, 20, 50 ವರ್ಷಕ್ಕೆ ಎಷ್ಟು ಮನೆ ಇರುತ್ತವೆ ಅಂತ. ಇವನು ಹಳೆಯ ಅಂಕಿಗಳಿಗೆ ನಾಲ್ಕನೇ ಡಿಗ್ರಿ ಪಾಲಿನಾಮಿಯಲ್ ಕೂರಿಸಿದ. ಗೆರೆ ಚುಕ್ಕೆಗಳ ಮೇಲೆ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಎಲ್ಲರೂ ಚಪ್ಪಾಳೆ ಹೊಡೆದರಂತೆ. 50 ವರ್ಷಕ್ಕೆ ಎಳೆದು ನೋಡಿದರೆ ಮನೆಗಳ ಸಂಖ್ಯೆ ಮೈನಸ್! ಅಷ್ಟರಲ್ಲಿ ಒಂಬತ್ತು ಗಂಟೆ ಹೋಗಿತ್ತು. ಮೂರು ಭಾಗದ ಪ್ರಶ್ನೆಯಲ್ಲಿ ಮೂರನೆಯದಕ್ಕೆ ಅರ್ಧ ಪುಟ ಬರೆದು ಕಳಿಸಿದರು. ನಿಮ್ಮ ಮೂರು ಚುರುಕು ಹುಡುಗರಿಗೆ ಈ ಕಥೆ ಹೇಳಿ.

ಹಾಸನದ ಲೆಕ್ಕದ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಹತ್ತನೇ ಕ್ಲಾಸಿನ ಇಬ್ಬರ ಮನೆಯವರನ್ನೂ ಕರೆಸಿದ್ದೆ. ಒಬ್ಬರು ತಕ್ಷಣ ಒಪ್ಪಿದರು. ಇನ್ನೊಬ್ಬರು ಬನಶಂಕರಿ ಅಪ್ಪ ಹೇಳಿದ್ದನ್ನೇ ಹೇಳಿದರು, ಕೊನೆಗೆ ದಿನಕ್ಕೆ ಎರಡು ಗಂಟೆ ಅಂತ ಒಪ್ಪಂದವಾಯಿತು.

ಭಾನುವಾರ ಸೈಟಿಗೆ ಹೋಗಿದ್ದೆವು. ಟೇಪು ಹಿಡಿದ ಕೂಡಲೇ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ, "ಸೈಟು ಮಾರಿದ್ರಾ? ಎಷ್ಟಕ್ಕೆ ಹೋಯ್ತು?" ಅಂದರು. ಹುಲ್ಲು ಎಣಿಸುತ್ತಿದ್ದೇವೆ ಅಂದರೆ ನಂಬಲಿಲ್ಲ.

ಐದು ಸಲ ಎಸೆದೆವು. 31, 18, 0, 44, 27. ಆ ಸೊನ್ನೆ ಬಂದಿದ್ದು ಚೌಕ ಯಾರೋ ಇಳಿಸಿದ್ದ ಮರಳಿನ ಗುಡ್ಡೆ ಮೇಲೆ ಬಿದ್ದಿದ್ದರಿಂದ. ಹುಡುಗರು ಅದನ್ನು ಬಿಡೋಣ ಅಂತಾರೆ, ಹುಡುಗಿ ಮಾತ್ರ "ಮರಳು ಇರೋದು ಸೈಟಿನ ಒಳಗೇ ಅಲ್ವಾ?" ಅಂತ ಹಟ ಹಿಡಿದಿದ್ದಾಳೆ. ಸೇರಿಸಿದರೆ ಸರಾಸರಿ 24, ಇಡೀ ಸೈಟಿಗೆ 2,664 ಗಿಡ. ಬಿಟ್ಟರೆ ಸರಾಸರಿ 30, 3,330 ಗಿಡ. ಯಾವುದು ಸರಿ ಮೇಡಂ?

ಮೈಸೂರು ಮೇಡಂ:

ಎರಡೂ ಪೂರ್ತಿ ಸರಿ ಇಲ್ಲ. ಐದರಲ್ಲಿ ಒಂದು ಸಲ ಮರಳಿಗೆ ಬಿತ್ತು ಅಂತ ಸೊನ್ನೆ ಸೇರಿಸಿದರೆ ಸೈಟಿನ ಐದನೇ ಒಂದು ಭಾಗ ಮರಳು ಅಂತ ಒಪ್ಪಿಕೊಂಡ ಹಾಗೆ. ಬಿಟ್ಟರೆ ಮರಳೇ ಇಲ್ಲ ಅಂದ ಹಾಗೆ. ಗುಡ್ಡೆ ಎಷ್ಟು ದೊಡ್ಡದಿದೆ? ಅದನ್ನು ಅಳೆದಿರಾ?

ಹಾಸನದ ಲೆಕ್ಕದ ಮೇಷ್ಟ್ರು:

ನಾನು ಅಳೆದಿರಲಿಲ್ಲ. ನಿಮ್ಮ ಉತ್ತರವನ್ನು ಅವರಿಗೆ ತೋರಿಸಿದೆ. ಹುಡುಗಿ ನೋಟ್‌ಬುಕ್ ತೆಗೆದಳು, ಆವತ್ತೇ ಹೆಜ್ಜೆ ಹಾಕಿ ಬರೆದುಕೊಂಡಿದ್ದಾಳೆ: ಸುಮಾರು ಹತ್ತಡಿಗೆ ಹತ್ತಡಿ. ಉಳಿದಿದ್ದು 1,100 ಚದರ ಅಡಿ, ಅಂದರೆ ಸುಮಾರು 102 ಚದರ ಮೀಟರ್, ಚದರ ಮೀಟರಿಗೆ 30ರಂತೆ 3,060. ಬೋರ್ಡಿನ ಮೇಲೆ ಬರೆದಿದ್ದು ಹುಡುಗರಲ್ಲೊಬ್ಬ. ಬರೆದವನೇ ಅವಳ ಕಡೆ ತಿರುಗಿ, "ಮರಳು ನಾಳೆ ಎತ್ತಿಕೊಂಡು ಹೋದ್ರೆ?" ಅಂದ. ಈಗ ಅದರ ಮೇಲೆ ಜಗಳ ನಡೀತಾ ಇದೆ. ಸಂಜೆ ಐದೂವರೆ ಆಯ್ತು, ವಾಚ್‌ಮನ್ ಎರಡು ಸಲ ಬಂದು ಹೋದ, ಇವರು ಏಳ್ತಾ ಇಲ್ಲ.